ಬಗ್ಗಿಯ ಫ್ಯೂಸ್ ಎಲ್ಲಿದೆ

ಸುಟ್ಟ ಮೋಟರ್ ಅಂಗಡಿಗೆ ಬಂದರೆ ಅಪ್ಪ ಮೊದಲು ಅದನ್ನು ಬಿಚ್ಚಿ ಕಾಯಿಲ್‌ಗಳ ಮೇಲೆ ಬೆರಳಾಡಿಸುತ್ತಾರೆ. ಎರಡು ಫೇಸಿನ ಕಾಯಿಲ್ ಕರಕಲಾಗಿ ಮೂರನೆಯದು ಹೊಸದರ ಹಾಗೆ ಹೊಳೆಯುತ್ತಿದ್ದರೆ, “ಒಂದು ಫೇಸ್ ಹೋಗಿತ್ತೇನಪ್ಪ?” ಎಂದು ರೈತನನ್ನು ಕೇಳುತ್ತಾರೆ. ಮೂರೂ ಕಪ್ಪಾಗಿದ್ದರೆ ಪ್ರಶ್ನೆ ಬೇರೆ: “ಫ್ಯೂಸಿಗೆ ಏನು ಕಟ್ಟಿದ್ದಿ?” ಬಹಳ ಸಲ ಬರುವ ಉತ್ತರ ಒಂದೇ. ಫ್ಯೂಸ್ ಪದೇ ಪದೇ ಹೋಗುತ್ತಿತ್ತು, ನೀರು ಬಿಡುವ ಹೊತ್ತಿಗೆ ಕರೆಂಟೂ ಇರುತ್ತಿರಲಿಲ್ಲ, ಬೇಸತ್ತು ದಪ್ಪ ತಂತಿ ಸುತ್ತಿದೆವು ಎನ್ನುತ್ತಾರೆ. ಅಪ್ಪ ಯಾರನ್ನೂ ಬೈಯುವುದಿಲ್ಲ. ಹಳೆಯ ತಂತಿ ಕತ್ತರಿಸಿ ತೂಕಕ್ಕೆ ಹಾಕಿ, ಹೊಸ ಸುತ್ತು ಶುರು ಮಾಡುತ್ತಾರೆ.

ಬಳ್ಳಾರಿಯಲ್ಲಿ ನಮ್ಮದು ಮೋಟರ್ ವೈಂಡಿಂಗ್ ಅಂಗಡಿ. ವಾರ್ನಿಷ್ ವಾಸನೆಯಲ್ಲೇ ನಾನು ಬೆಳೆದದ್ದು. ಇಷ್ಟಾದರೂ ಫ್ಯೂಸಿನ ಆ ಪ್ರಶ್ನೆಯನ್ನು ನನ್ನ ರೇಸಿಂಗ್ ಬಗ್ಗಿಗೆ, ಅಂದರೆ ರಿಮೋಟಿನಲ್ಲಿ ಓಡಿಸುವ ಪುಟ್ಟ ಕಾರಿಗೆ, ಕೇಳಿಕೊಳ್ಳಲು ನನಗೆ ಎರಡು ವರ್ಷ ಬೇಕಾಯಿತು. ರಿಮೋಟ್ ಬಗ್ಗಿಗೆ ಯಾವ ಭಾಗ ಮೊದಲು ಹಾಕಿಸಬೇಕು, ಯಾವುದಕ್ಕೆ ದುಡ್ಡು ಸುರಿಯಬೇಕು ಎಂದು ನನ್ನನ್ನು ಕೇಳುವ ಹುಡುಗರಿದ್ದಾರೆ. ಅವರಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಪೂರ್ತಿ ಬರೆದುಬಿಡೋಣ ಎಂದು ಕೂತಿದ್ದೇನೆ.

ಬಗ್ಗಿ ಎಂದರೆ ಅಂಗಡಿಯ ಗಾಜಿನ ಕಪಾಟಿನಲ್ಲಿರುವ ಆಟಿಕೆ ಕಾರಲ್ಲ. ನಿಜವಾದ ಕಾರಿನ ಹತ್ತನೇ ಒಂದು ಅಳತೆ, ಒಂದೂವರೆ ಕೆಜಿಗಿಂತ ಸ್ವಲ್ಪ ಹೆಚ್ಚು ತೂಕ, ನಾಲ್ಕು ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಷನ್, ಎಣ್ಣೆ ತುಂಬಿದ ಶಾಕ್, ತಿರುವಿನಲ್ಲಿ ಎಡಬಲದ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಹಿಂದೊಂದು ಮುಂದೊಂದು. ಪೆಟ್ಟಿಗೆಯಲ್ಲಿ ಬಿಡಿಭಾಗವಾಗಿ ಬರುತ್ತದೆ, ಒಂದೊಂದು ಸ್ಕ್ರೂ ಹಾಕಿ ನಾವೇ ಕಟ್ಟಬೇಕು. ನನ್ನದು ಶಾಫ್ಟ್ ಮೂಲಕ ನಾಲ್ಕೂ ಚಕ್ರ ತಿರುಗುವ ಬಗ್ಗಿ. ನನ್ನ ಜೊತೆ ಓಡಿಸುವವನು ಅಕ್ಕನ ಮಗ, ಪಿಯುಸಿ ಓದುತ್ತಿದ್ದಾನೆ. ಸಿರುಗುಪ್ಪ ರಸ್ತೆ ಕಡೆ ಎರೆ ಹೊಲದ ಮೇಲೆ ಕೆಂಪು ಗರಸು ಸುರಿದು ಮಾಡಿದ ಒಂದು ಲೇಔಟ್ ಇದೆ. ಸೈಟಿನ ಕಲ್ಲು ನೆಟ್ಟಿದ್ದಾರೆ, ಮನೆ ಒಂದೂ ಎದ್ದಿಲ್ಲ. ಭಾನುವಾರ ಸಂಜೆ ಅದೇ ನಮ್ಮ ಮೈದಾನ.

ಕಿಟ್ ಕಟ್ಟಿ ಒಂದು ತಿಂಗಳಾಗಿರಲಿಲ್ಲ, ನಮ್ಮಿಬ್ಬರ ಕಣ್ಣು ಮೋಟರಿನ ಮೇಲೆ ಬಿತ್ತು. ಎಲ್ಲರದ್ದೂ ಅಲ್ಲೇ ಬೀಳುತ್ತದೆ, ಹಳೆಯ ಕಾಲದಿಂದಲೂ. 1984ರಲ್ಲಿ ಜಪಾನಿನ ತಾಮಿಯಾ ಕಂಪನಿ ಗ್ರಾಸ್‌ಹಾಪರ್, ಹಾರ್ನೆಟ್ ಎಂಬ ಎರಡು ಬಗ್ಗಿಗಳನ್ನು ತಂದಿತು. ಎರಡೂ ಅಣ್ಣ ತಮ್ಮಂದಿರ ಹಾಗೆ, ಮೈಕಟ್ಟು ಹೆಚ್ಚುಕಡಿಮೆ ಒಂದೇ. ಗ್ರಾಸ್‌ಹಾಪರಿಗೆ ಚಿಕ್ಕ 380 ಮೋಟರು, ಹಾರ್ನೆಟಿಗೆ ದೊಡ್ಡ 540. ಗ್ರಾಸ್‌ಹಾಪರ್ ಕೊಂಡ ಹುಡುಗ ಮೊದಲು ಕೇಳುತ್ತಿದ್ದದ್ದು, “ಇದಕ್ಕೆ 540 ಕೂರುತ್ತದಾ?” ಎಂದೇ. ಕೂರುತ್ತದೆ. ಕೂತ ಮೇಲೆ ಹಿಂಭಾಗ ಕುಪ್ಪಳಿಸತೊಡಗುತ್ತದೆ, ಏಕೆಂದರೆ ಸಸ್ಪೆನ್ಷನ್ ಆ ವೇಗಕ್ಕೆ ಮಾಡಿದ್ದಲ್ಲ. ಇಷ್ಟು ವರ್ಷಗಳಲ್ಲಿ ಮೋಟರ್ ಬದಲಾಗಿದೆ, ಬ್ಯಾಟರಿ ಬದಲಾಗಿದೆ, ಆ ಆಸೆ ಮಾತ್ರ ಹಾಗೇ ಇದೆ.

ನಾವೂ ಬೆಳ್ಳಿ ಬಣ್ಣದ ಬ್ರಷ್ ಮೋಟರ್ ತೆಗೆದು 3000 ಕೆವಿಯ ಬ್ರಷ್‌ಲೆಸ್, ಅಂದರೆ ಒಳಗೆ ಕಾರ್ಬನ್ ಬ್ರಷ್ ಇಲ್ಲದ ಮೋಟರ್, ಹಾಕಿದೆವು. ಕೆವಿ ಎಂದರೆ ಕಿಲೋವೋಲ್ಟ್ ಅಲ್ಲ. ಹೊರೆಯಿಲ್ಲದೆ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ. ಎರಡು ಸೆಲ್ಲಿನ ಲಿಪೋ (ಲಿಥಿಯಮ್ ಪಾಲಿಮರ್) ಬ್ಯಾಟರಿ 7.4 ವೋಲ್ಟ್, ಅಂದರೆ ನಿಮಿಷಕ್ಕೆ 22,200 ಸುತ್ತು. ಮೊದಲ ದಿನ ಅದು ಹೊರಟ ರೀತಿ ಈಗಲೂ ಕಣ್ಣಲ್ಲಿದೆ. ಹಿಂದೆ ಕೆಂಪು ದೂಳಿನ ಗೋಡೆ ಎದ್ದಿತು, ಹುಡುಗ ಕೂಗಿಕೊಂಡ. ಎರಡನೇ ವಾರಕ್ಕೆ ಶಾಫ್ಟಿನ ತುದಿ ಕೂರುವ ಪ್ಲಾಸ್ಟಿಕ್ ಕಪ್ಪುಗಳು ಸವೆದು ಗುಂಡಗಾದವು. ಉಕ್ಕಿನವು ತರಿಸಿದೆವು. ಉಕ್ಕು ಹಾಕಿದ ಮೇಲೆ ಹಿಂದಿನ ಡಿಫರೆನ್ಷಿಯಲಿನ ಹಲ್ಲು ಮುರಿಯಿತು. ಅದಕ್ಕೂ ಲೋಹದ ಗೇರ್ ಹಾಕಿದೆವು. ಆಗ ಮೋಟರಿನ ತುದಿಯ ಪುಟ್ಟ ಗೇರ್ ಪಿನಿಯನ್, ಅದು ತಿರುಗಿಸುವ ದೊಡ್ಡ ಸ್ಪರ್ ಗೇರನ್ನು ಹರಿದುಹಾಕಿತು. ಪ್ರತಿ ಸಲವೂ ನಾವು ಗೆದ್ದೆವು ಎಂದುಕೊಳ್ಳುತ್ತಿದ್ದೆವು. ಪೆಟ್ಟು ಮಾತ್ರ ಪಕ್ಕದ ಮನೆಗೆ ಹೋಗಿ ಕೂರುತ್ತಿತ್ತು.

ಕೊನೆಗೆ ಬಂದದ್ದು ಅಲ್ಯೂಮಿನಿಯಂ ಆರ್ಮು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಚಕ್ರವನ್ನು ಚಾಸಿಗೆ ಹಿಡಿದಿಡುವ ಕೆಳಗಿನ ತೋಳಿಗೆ ಆರ್ಮ್ ಎನ್ನುತ್ತೇವೆ. ಕಿಟ್ಟಿನಲ್ಲಿ ಬರುವುದು ಪ್ಲಾಸ್ಟಿಕ್ಕಿನದು. ಸೈಟಿನ ಕಲ್ಲಿಗೆ ಬಡಿದು ಮುಂದಿನ ಎಡಗಡೆಯದು ಎರಡು ಸಲ ಮುರಿದಿತ್ತು. ಮೂರನೇ ಸಲ ಹುಡುಗ, “ಮಾಮ, ಅಲ್ಯೂಮಿನಿಯಂದು ಹಾಕ್ಸಿಬಿಡೋಣ, ಒಂದೇ ಸಲ ಖರ್ಚು” ಎಂದ. ನೀಲಿ ಬಣ್ಣದ, ಕನ್ನಡಿಯ ಹಾಗೆ ಹೊಳೆಯುವ ನಾಲ್ಕು ಆರ್ಮು ಬಂದವು. ಕೈಯಲ್ಲಿ ಹಿಡಿದರೆ ತಣ್ಣಗೆ, ಭಾರವಾಗಿ, ಬಹಳ ಚಂದ. ಹಾಕಿದ ಮೂರನೇ ಭಾನುವಾರ ಅದೇ ಎಡ ಚಕ್ರ ಅಂಥದೇ ಕಲ್ಲಿಗೆ ಹೊಡೆಯಿತು. ಆರ್ಮಿಗೆ ಒಂದು ಗೀರು ಬಿಟ್ಟರೆ ಏನೂ ಆಗಲಿಲ್ಲ. ಆರ್ಮನ್ನು ಹಿಡಿದಿದ್ದ ಗೇರ್‌ಬಾಕ್ಸಿನ ಗೋಡೆ ಉದ್ದಕ್ಕೆ ಸೀಳಿತ್ತು, ಆ ಸೀಳು ಚಾಸಿಯ ಮುಂಭಾಗದವರೆಗೆ ಕೂದಲೆಳೆಯಷ್ಟು ತೆಳ್ಳಗೆ ಹರಿದಿತ್ತು. ಉಗುರಿನಿಂದ ಎಳೆದರೆ ಮಾತ್ರ ತಿಳಿಯುತ್ತಿತ್ತು.

ಮಾರನೇ ದಿನ ಅಂಗಡಿಯಲ್ಲಿ ಬಗ್ಗಿಯನ್ನು ಮಗುಚಿ ಹಾಕಿಕೊಂಡು ಕೂತಿದ್ದೆ. ಅಪ್ಪ ಕನ್ನಡಕ ಏರಿಸಿಕೊಂಡು ಬಂದು ಸೀಳನ್ನು ನೋಡಿದರು, ಆಮೇಲೆ ನೀಲಿ ಆರ್ಮನ್ನು ನೋಡಿದರು.

“ಮೊದ್ಲು ಏನಿತ್ತು ಇಲ್ಲಿ?”

“ಪ್ಲಾಸ್ಟಿಕ್‌ದು. ಮುರೀತಿತ್ತು.”

“ಎಷ್ಟು ಅದಕ್ಕೆ?”

“ಜೋಡಿಗೆ ನಾನೂರು.”

“ಇದಕ್ಕೆ?” ಎಂದು ಚಾಸಿ ಮುಟ್ಟಿದರು. ನಾನು ಹೇಳಲಿಲ್ಲ. “ಫ್ಯೂಸ್ ತೆಗ್ದು ದಪ್ಪ ತಂತಿ ಕಟ್ಟೀಯಲ್ಲೋ” ಎಂದು ಹೇಳಿ, ಕಾಯುತ್ತಿದ್ದ ಸಬ್‌ಮರ್ಸಿಬಲ್ ಕಡೆ ಹೋದರು.

ಅಲ್ಲಿಂದ ನಾನು ಭಾಗ ಆರಿಸುವ ರೀತಿಯೇ ಬದಲಾಯಿತು. ಯಾವುದು ಗಟ್ಟಿ ಎಂದು ಕೇಳುವುದನ್ನು ಬಿಟ್ಟೆ. ಪೆಟ್ಟು ಬಿದ್ದರೆ ಮೊದಲು ಯಾವುದು ಹೋಗಬೇಕು, ಹೋದದ್ದನ್ನು ಲೇಔಟಿನಲ್ಲೇ ಕೂತು ಹತ್ತು ನಿಮಿಷದಲ್ಲಿ ಬದಲಾಯಿಸಬಹುದಾ ಎಂದು ಕೇಳಲು ಶುರು ಮಾಡಿದೆ. ಹೀಗೆ ನೋಡಿದರೆ ಬಗ್ಗಿಯಲ್ಲಿ ಫ್ಯೂಸುಗಳು ಮೊದಲೇ ಇವೆ. ಸ್ಟೀರಿಂಗಿನಲ್ಲಿ ಸರ್ವೋ ಸೇವರ್ ಎಂಬ ಸ್ಪ್ರಿಂಗ್ ಇದೆ. ಚಕ್ರಕ್ಕೆ ಬಡಿದ ಪೆಟ್ಟು ಸರ್ವೋದ, ಅಂದರೆ ಚಕ್ರವನ್ನು ಎಡಬಲಕ್ಕೆ ಹೊರಳಿಸುವ ಪುಟ್ಟ ಮೋಟರಿನ, ಹಲ್ಲಿಗೆ ಮುಟ್ಟದ ಹಾಗೆ ಅದು ಬಾಗಿ ಕೊಡುತ್ತದೆ. ರೇಸಿಗೇ ಮಾಡಿದ ಬಗ್ಗಿಗಳಲ್ಲಿ ಸ್ಪರ್ ಗೇರಿನ ಜೊತೆ ಸ್ಲಿಪ್ಪರ್ ಕ್ಲಚ್ ಇರುತ್ತದೆ. ಹಾರಿ ಬಿದ್ದಾಗ ಚಕ್ರ ನೆಲಕ್ಕೆ ಕಚ್ಚಿ ಒಮ್ಮೆಲೇ ನಿಂತರೆ ಅದು ಜಾರಿ, ಗೇರಿನ ಹಲ್ಲು ಉಳಿಸುತ್ತದೆ. ಪ್ಲಾಸ್ಟಿಕ್ ಆರ್ಮು ಕೂಡ ಆ ಜಾತಿಯದೇ. ಅದು ಕಂಪನಿಯ ಜಿಪುಣತನ ಎಂದು ನಾನು ಅಂದುಕೊಂಡಿದ್ದೆ. ಮಾಡಿದವರು ಯೋಚಿಸಿಯೇ ಅಲ್ಲಿ ಮೆತ್ತಗಿನದನ್ನು ಇಟ್ಟಿದ್ದರು.

ಪೆಟ್ಟು ಎಷ್ಟು ದೊಡ್ಡದು ಎಂದು ಹುಡುಗನಿಗೆ ತೋರಿಸಲು ಒಂದು ಲೆಕ್ಕ ಮಾಡಿದೆವು. ನಮ್ಮ ಸ್ಪರ್ ಗೇರಿಗೆ 70 ಹಲ್ಲು, ಪಿನಿಯನ್ನಿಗೆ 19. ಒಳಗಿನ ಗೇರ್‌ಬಾಕ್ಸು ಇನ್ನೂ 2.6ರಷ್ಟು ಇಳಿಸುತ್ತದೆ. ಒಟ್ಟು 9.58. ಮೋಟರ್ ಅಷ್ಟು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಟೈರಿನ ಅಡ್ಡಳತೆ 85 ಮಿಲಿಮೀಟರು, ಸುತ್ತಳತೆ 267. ಎಲ್ಲ ಕೂಡಿಸಿ ಗುಣಿಸಿದರೆ ಹೊರೆಯಿಲ್ಲದ ಲೆಕ್ಕದಲ್ಲಿ ಗಂಟೆಗೆ 37 ಕಿಲೋಮೀಟರು. ಆ ವೇಗದಲ್ಲಿ ಕಲ್ಲಿಗೆ ಹೊಡೆಯುವುದೂ ಸುಮಾರು 5.4 ಮೀಟರ್ ಎತ್ತರದಿಂದ, ಅಂದರೆ ಹೆಚ್ಚುಕಡಿಮೆ ಎರಡು ಅಂತಸ್ತಿನ ಮಾಳಿಗೆಯಿಂದ, ಬಗ್ಗಿಯನ್ನು ಕೆಳಗೆ ಬಿಡುವುದೂ ಒಂದೇ. ಅದೇ ಮೋಟರಿಗೆ ಮೂರು ಸೆಲ್ಲಿನ ಬ್ಯಾಟರಿ ಹಾಕಿದರೆ ವೋಲ್ಟೇಜು ಒಂದೂವರೆಪಟ್ಟು, ವೇಗ ಒಂದೂವರೆಪಟ್ಟು, ಪೆಟ್ಟು ಮಾತ್ರ ಎರಡೂಕಾಲು ಪಟ್ಟು. ಎತ್ತರದ ಲೆಕ್ಕದಲ್ಲಿ 12 ಮೀಟರು ದಾಟುತ್ತದೆ, ನಾಲ್ಕು ಅಂತಸ್ತು. ಹುಡುಗ ಮೊಬೈಲಿನಲ್ಲಿ ಎರಡು ಸಲ ಗುಣಿಸಿ ನೋಡಿದ. ಮೂರು ಸೆಲ್ಲಿನ ಮಾತು ಅವತ್ತಿಗೆ ನಿಂತಿತು.

ಪಿನಿಯನ್ನನ್ನು 19ರಿಂದ 17ಕ್ಕೆ ಇಳಿಸಿದೆವು. ಒಟ್ಟು 10.7 ಆಯಿತು, ವೇಗ ಲೆಕ್ಕದಲ್ಲಿ 33ಕ್ಕೆ ಇಳಿಯಿತು. ಇದು ನಮ್ಮ ಊರಿಗೆ ಬೇಕೇ ಬೇಕು. ಏಪ್ರಿಲ್ ಮೇ ತಿಂಗಳಲ್ಲಿ ಬಳ್ಳಾರಿ 40 ಡಿಗ್ರಿ ದಾಟುವುದು ಯಾರಿಗೂ ಸುದ್ದಿಯಲ್ಲ. ಸಂಜೆ ಐದಕ್ಕೆ ಗರಸಿನ ಮೇಲೆ ಬರಿಗಾಲಿಡಲು ಆಗುವುದಿಲ್ಲ. ತಣ್ಣಗಿನ ಊರಿನವರು ಬರೆದಿಟ್ಟ ಗೇರಿನ ಲೆಕ್ಕವನ್ನು ಇಲ್ಲಿ ಹಾಗೇ ಹಾಕಿದರೆ ಮೋಟರಿಗೆ ಉಸಿರಾಡಲು ಜಾಗವೇ ಉಳಿಯುವುದಿಲ್ಲ. ಇದನ್ನು ನಾನು ವೈಂಡಿಂಗ್ ಕೆಲಸದಿಂದ ಬಲ್ಲೆ. ಬಿಸಿ ಏರಿದ ಹಾಗೆ ತಾಮ್ರದ ರೋಧವೂ ಏರುತ್ತದೆ. 20 ಡಿಗ್ರಿಯಲ್ಲಿದ್ದ ತಂತಿ 100 ಡಿಗ್ರಿಗೆ ಬಂದರೆ ರೋಧ ಸುಮಾರು 30 ಶೇಕಡ ಹೆಚ್ಚು, ಹಾಗಾಗಿ ಅದೇ ಕರೆಂಟಿಗೆ ಇನ್ನೂ ಹೆಚ್ಚು ಬಿಸಿ. ತಂತಿಯ ಮೇಲಿನ ಎನಾಮಲ್ ಎಫ್ ದರ್ಜೆಯದಾದರೆ 155 ಡಿಗ್ರಿಯವರೆಗೆ ತಡೆಯುತ್ತದೆ. ಆದರೆ ಮಿತಿಯ ಮೇಲೆ ಪ್ರತಿ 10 ಡಿಗ್ರಿಗೂ ಇನ್ಸುಲೇಷನ್ನಿನ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಎಂಬುದು ವೈಂಡಿಂಗಿನವರ ಹಳೆಯ ಲೆಕ್ಕ.

ಬ್ರಷ್‌ಲೆಸ್ಸಿನಲ್ಲಿ ತಂತಿಗಿಂತ ಮೊದಲು ಸೋಲುವುದು ಒಳಗಿನ ಮ್ಯಾಗ್ನೆಟ್. ಸಾಮಾನ್ಯ ದರ್ಜೆಯ ನಿಯೋಡಿಮಿಯಮ್ ಮ್ಯಾಗ್ನೆಟ್ 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳತೊಡಗುತ್ತದೆ, ತಣ್ಣಗಾದ ಮೇಲೂ ಅದಷ್ಟೂ ವಾಪಸ್ ಬರುವುದಿಲ್ಲ. ಹಾಗೆ ಸೋತ ಮೋಟರ್ ಮೋಸ ಮಾಡುತ್ತದೆ. ಕೈಯಲ್ಲಿ ಎತ್ತಿ ಹಿಡಿದು ಓಡಿಸಿದರೆ ಮೊದಲಿಗಿಂತ ಜೋರಾಗಿ ತಿರುಗುತ್ತದೆ, ನೆಲಕ್ಕಿಟ್ಟರೆ ಎಳೆಯಲು ಕಷ್ಟಪಡುತ್ತದೆ, ಕರೆಂಟ್ ಹೆಚ್ಚು ಎಳೆಯುತ್ತದೆ, ಇನ್ನೂ ಬಿಸಿಯಾಗುತ್ತದೆ. ಅದಕ್ಕೇ ನಾನು ಎಲ್ಲರಿಗೂ ಮೊದಲು ಹೇಳುವುದು ಬಿಸಿ ನೋಡುವ ಇನ್‌ಫ್ರಾರೆಡ್ ಗನ್ ಕೊಳ್ಳಿ ಎಂದು. ಐದು ನಿಮಿಷ ಓಡಿಸಿ, ನಿಲ್ಲಿಸಿ, ಮೋಟರಿನ ಮೈ ನೋಡಿ. ನಮ್ಮ ಮಿತಿ 75 ಡಿಗ್ರಿ. ಒಳಗೆ ಅದಕ್ಕಿಂತ ಹೆಚ್ಚೇ ಇರುತ್ತದೆ. 75 ಮುಟ್ಟಿದರೆ ಅವತ್ತಿನ ಓಟ ಮುಗಿಯಿತು, ಮುಂದಿನ ವಾರ ಪಿನಿಯನ್ನಿನಲ್ಲಿ ಇನ್ನೊಂದು ಹಲ್ಲು ಕಡಿಮೆ.

ಪಿನಿಯನ್ ಬದಲಾಯಿಸುವಾಗ ಎರಡು ಗೇರಿನ ನಡುವೆ ಬಿಡಬೇಕಾದ ಸಂದಿನ ಬಗ್ಗೆ ಒಂದು ಮಾತು. ನಾನು ಬಸ್ ಟಿಕೆಟ್ ಬಳಸುತ್ತೇನೆ. ಟಿಕೆಟ್ಟನ್ನು ಉದ್ದಕ್ಕೆ ಹರಿದು ಎರಡು ಗೇರಿನ ಹಲ್ಲುಗಳ ನಡುವೆ ತೂರಿಸಿ, ಮೋಟರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿದು, ಗೇರ್ ತಿರುಗಿಸಿ ಹೊರಗೆ ತೆಗೆಯಬೇಕು. ಕಾಗದದ ಮೇಲೆ ಹಲ್ಲಿನ ಗುರುತು ಒಂದೇ ಸಮನಾಗಿ ಮೂಡಿ, ಕಾಗದ ಹರಿಯದೆ ಬಂದರೆ ಸರಿ. ಹರಿದರೆ ಬಿಗಿ ಹೆಚ್ಚಾಗಿದೆ. ಸ್ಪರ್ ಗೇರ್ ಹೋದದ್ದೆಲ್ಲ ಮೋಟರಿನ ಬಲದಿಂದ ಎಂದುಕೊಂಡಿದ್ದೆ, ಅರ್ಧ ತಪ್ಪು ಈ ಸಂದಿನಲ್ಲೇ ಇತ್ತು.

ಇನ್ನು ದೂಳು. ಸಂಡೂರಿನ ಗುಡ್ಡದ ಅದಿರು ಲಾರಿಗಳಲ್ಲಿ ಹರಿದ ಜಿಲ್ಲೆ ಇದು, ಕೆಂಪು ದೂಳು ನಮಗೆ ಹೊಸದಲ್ಲ. ಬಟ್ಟೆ ಮೇಲೆ ಕೂತರೆ ಕೊಡವಬಹುದು, ಬೇರಿಂಗಿನಲ್ಲಿ ಕೂತರೆ ಏನಾಗುತ್ತದೆ ಎಂಬುದನ್ನು ನಾನು ಒಂದು ಸಂಜೆ ಬಿಚ್ಚಿ ನೋಡಿದೆ. ಚಕ್ರದಿಂದ ತೆಗೆದ ಬೇರಿಂಗ್ ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಒಳ ರಂಧ್ರ 5 ಮಿಲಿಮೀಟರು, ಹೊರ ಅಳತೆ 11, ದಪ್ಪ 4. ಬೆರಳಲ್ಲಿ ತಿರುಗಿಸಿದರೆ ರಾಗಿ ಬೀಸಿದ ಹಾಗೆ ಕರಕರ. ಬ್ಲೇಡಿನ ತುದಿಯಿಂದ ಮುಚ್ಚಳ ಎಬ್ಬಿಸಿದೆ. ಒಳಗೆ ಗ್ರೀಸಿನ ಗುರುತೇ ಇರಲಿಲ್ಲ, ಇಟ್ಟಿಗೆ ಬಣ್ಣದ ಗಟ್ಟಿ ಪೇಸ್ಟು, ಅದರಲ್ಲಿ ಹುಗಿದ ಗುಂಡುಗಳು. ಪೆಟ್ರೋಲಿನಲ್ಲಿ ಅದ್ದಿ ಬ್ರಷ್ಷಿನಿಂದ ತಿಕ್ಕಿದ ಮೇಲೆ ಗುಂಡುಗಳ ಹೊಳಪು ಹೋಗಿ ಮಬ್ಬಾಗಿದ್ದವು. ನಮ್ಮ ದೂಳಿನಲ್ಲಿ ಕಬ್ಬಿಣದ ಅದಿರಿನ ಜೊತೆ ಬೆಣಚು ಕಲ್ಲಿನ ಪುಡಿಯೂ ಇರುತ್ತದೆ. ಮೋಸ್ ಅಳತೆಯಲ್ಲಿ ಬೆಣಚಿನ ಗಡಸುತನ 7, ಚಾಕುವಿನ ಉಕ್ಕು 5.5ರ ಸುಮಾರು. ಗ್ರೀಸಿಗೆ ಆ ಪುಡಿ ಸೇರಿದರೆ ಅದು ಸಾಣೆ ಹಿಡಿಯುವ ಪೇಸ್ಟೇ.

ಕಿಟ್‌ಗಳ ಜೊತೆ ಎಷ್ಟೋ ಸಲ ಬೇರಿಂಗಿನ ಜಾಗದಲ್ಲಿ ಪ್ಲಾಸ್ಟಿಕ್ ಬುಷ್ ಬರುತ್ತದೆ, ಅದಂತೂ ಶಾಫ್ಟನ್ನೇ ತಿನ್ನುತ್ತದೆ. ಹಾಗಾಗಿ ಮೋಟರಿಗಿಂತ ಮೊದಲು, ಬಗ್ಗಿಯ ಹೊರಕವಚಕ್ಕೆ ಬಣ್ಣ ಹೊಡೆಯುವುದಕ್ಕಿಂತ ಮೊದಲು, ಬೇರಿಂಗ್ ಸೆಟ್ ಹಾಕಿಸಿ. ಕೇಳುವಾಗ ಎಂಆರ್115, 2ಆರ್‌ಎಸ್ ಎಂದು ಕೇಳಿ. 2ಆರ್‌ಎಸ್ ಎಂದರೆ ಎರಡೂ ಕಡೆ ರಬ್ಬರಿನ ಸೀಲು, ಒಳ ಉಂಗುರಕ್ಕೆ ತಾಗಿಕೊಂಡಿರುತ್ತದೆ. ಝಡ್‌ಝಡ್ ಎಂದರೆ ಲೋಹದ ಮುಚ್ಚಳ, ಹಗುರವಾಗಿ ತಿರುಗುತ್ತದೆ, ಆದರೆ ಅಂಚಿನಲ್ಲಿ ಸಂದು ಇರುತ್ತದೆ. ಡಾಂಬರು ರಸ್ತೆಯಲ್ಲಿ ಓಡಿಸುವವರಿಗೆ ಝಡ್‌ಝಡ್ ಆಗಬಹುದು. ಗರಸಿನಲ್ಲಿ ನನಗೆ ರಬ್ಬರೇ ಬೇಕು, ಸ್ವಲ್ಪ ಬಿಗಿಯಾಗಿ ತಿರುಗಿದರೂ ಸರಿ.

ಇದೇ ದೂಳು ಮೋಟರಿನ ಆಯ್ಕೆಯನ್ನೂ ತೀರ್ಮಾನ ಮಾಡಿತು. ಒಂದು ಮ್ಯಾಗ್ನೆಟ್ಟನ್ನು ದಾರಕ್ಕೆ ಕಟ್ಟಿ ಲೇಔಟಿನ ಮಣ್ಣಿನ ಮೇಲೆ ಎಳೆದು ನೋಡಿ, ಕಪ್ಪು ಕಣಗಳು ಮೀಸೆಯ ಹಾಗೆ ನಿಮಿರಿ ನಿಲ್ಲುತ್ತವೆ. ಒಳಗಿನ ಮ್ಯಾಗ್ನೆಟ್ ಯಾವ ಕಡೆ ತಿರುಗಿದೆ ಎಂದು ತಿಳಿಸುವ ಸೆನ್ಸಾರ್ ಇರುವ ರೇಸಿಂಗ್ ಮೋಟರುಗಳು ನಿಧಾನ ವೇಗದಲ್ಲಿ ಬಹಳ ನಯ, ಆದರೆ ಗಾಳಿಯಾಡಲೆಂದು ಅವುಗಳ ತುದಿಗಳು ತೆರೆದಿರುತ್ತವೆ. ಒಳಗಿರುವುದು ಬಲವಾದ ಮ್ಯಾಗ್ನೆಟ್, ಹೊರಗೆ ಅದಕ್ಕೆ ಅಂಟುವ ಕಣ. ಆದ್ದರಿಂದ ಸೆನ್ಸಾರಿನ ನಯವನ್ನು ಬಿಟ್ಟುಕೊಟ್ಟು, ಸುತ್ತಲೂ ಮುಚ್ಚಿದ ಮೋಟರನ್ನು ಆರಿಸಿದೆ. ಹೊರಡುವಾಗ ಒಂದು ಸಣ್ಣ ಜರ್ಕ್ ಇದೆ, ಅಭ್ಯಾಸವಾಗಿದೆ.

ಟೈರು, ಸರ್ವೋ, ಶಾಕಿನ ಎಣ್ಣೆ, ಇವನ್ನು ಬೇಗ ಹೇಳಿ ಮುಗಿಸುತ್ತೇನೆ. ಸಡಿಲ ಗರಸಿಗೆ ಮೈಮೇಲೆ ಉದ್ದ ರಬ್ಬರ್ ಗುಬ್ಬಿಗಳಿರುವ ಟೈರು, ಓಡಿ ಓಡಿ ಗಟ್ಟಿಯಾದ ದಾರಿಗೆ ಗಿಡ್ಡ ಗುಬ್ಬಿ. ಮೋಟರಿಗೆ ಕೊಡುವ ದುಡ್ಡನ್ನು ಟೈರಿಗೆ ಕೊಟ್ಟರೆ ತಿರುವಿನಲ್ಲಿ ಅದಕ್ಕಿಂತ ಹೆಚ್ಚು ವೇಗ ಸಿಗುತ್ತದೆ, ಇದರಲ್ಲಿ ನನಗೆ ಅನುಮಾನವಿಲ್ಲ. ಸರ್ವೋ ಲೋಹದ ಗೇರಿನದು ಇರಲಿ, ಸೇವರ್ ಮಾತ್ರ ತೆಗೆಯಬೇಡಿ. ಸಿಲಿಕೋನ್ ಎಣ್ಣೆ ಬಿಸಿಲಿಗೆ ತೆಳುವಾಗುತ್ತದೆ, ಅದಕ್ಕೆ ಚಳಿಗಾಲದಲ್ಲಿ 350 ಸಿಎಸ್‌ಟಿ (ಎಣ್ಣೆ ಎಷ್ಟು ಮಂದ ಎಂಬುದರ ಅಳತೆ) ಹಾಕಿದ್ದವನು ಬೇಸಿಗೆಗೆ 450 ಹಾಕುತ್ತೇನೆ. ಕೆಲವು ಬಾಟಲಿಗಳ ಮೇಲೆ ವೇಟ್ ಎಂಬ ಬೇರೆ ಅಳತೆ ಇರುತ್ತದೆ, ಎರಡನ್ನೂ ಒಂದೇ ಎಂದು ಸುರಿದುಬಿಡಬೇಡಿ.

ಬ್ಯಾಟರಿ ಬಗ್ಗೆ ಮಾತ್ರ ಅವಸರ ಮಾಡಲಾರೆ, ಏಕೆಂದರೆ ಇಲ್ಲಿ ಹೋಗುವುದು ಬರೀ ಭಾಗವಲ್ಲ. ಬಿಡಿ ಲಿಥಿಯಮ್ ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಸಾಗಿಸುವುದನ್ನು 2016ರ ಏಪ್ರಿಲ್‌ನಿಂದ ಜಗತ್ತಿನಾದ್ಯಂತ ನಿಲ್ಲಿಸಿದ್ದಾರೆ, ಸರಕು ವಿಮಾನದಲ್ಲಿ ಕಳಿಸುವುದಾದರೂ ಚಾರ್ಜು 30 ಶೇಕಡ ಮೀರಬಾರದು. ನಮ್ಮ ಲಿಪೋ ಕೂಡ ಅದೇ ಜಾತಿ. ಅಷ್ಟು ಹೆದರಿಕೆಯ ವಸ್ತುವನ್ನು ನಾವು ಬಿಸಿಲಲ್ಲಿ ನಿಂತ ಸ್ಕೂಟರ್ ಡಿಕ್ಕಿಯಲ್ಲಿ ಇಟ್ಟು ಟೀ ಕುಡಿಯಲು ಹೋಗುತ್ತಿದ್ದೆವು. ಈಗ ಹೋಗುವುದಿಲ್ಲ. ಪ್ಲಾಸ್ಟಿಕ್ ಗಟ್ಟಿ ಕವಚದ ಎರಡು ಸೆಲ್ಲಿನ ಪ್ಯಾಕು, ಪ್ರತಿ ಸೆಲ್ಲನ್ನು ಬೇರೆಬೇರೆಯಾಗಿ ಸರಿದೂಗಿಸುವ ಬ್ಯಾಲೆನ್ಸ್ ಚಾರ್ಜರು, ಸೆಲ್ಲಿಗೆ 4.2 ವೋಲ್ಟ್ ಮೇಲೆ ಹೋಗಬಾರದು, 3ರ ಕೆಳಗೆ ಇಳಿಯಬಾರದು, ವಾರಗಟ್ಟಲೆ ಇಡುವುದಾದರೆ 3.8ಕ್ಕೆ ತಂದಿಡಬೇಕು. ಓಡಿ ಬಂದ ಬಿಸಿ ಪ್ಯಾಕನ್ನು ತಣಿಯಲು ಬಿಡದೆ ಚಾರ್ಜಿಗೆ ಹಾಕಬಾರದು. ಉಬ್ಬಿದ ಪ್ಯಾಕನ್ನು ಇನ್ನೊಂದೇ ಸಲ ಎಂದು ಬಳಸಬಾರದು. ಚಾರ್ಜು ಮಾಡುವಾಗ ಮನೆಯಲ್ಲಿ ಯಾರಾದರೂ ಎಚ್ಚರವಿರಬೇಕು. ಅಕ್ಕ ತನ್ನ ಮಗನಿಗೆ ಹಾಕಿರುವ ಕಟ್ಟು ಇದೊಂದೇ. ಅದನ್ನು ಅವನು ಪಾಲಿಸುತ್ತಾನೆ ಎಂಬುದಕ್ಕೇ ನಾನು ಅವನಿಗೆ ಟ್ರಾನ್ಸ್‌ಮಿಟರ್ ಕೊಟ್ಟಿರುವುದು.

ನೀಲಿ ಆರ್ಮುಗಳು ಈಗ ಅಂಗಡಿಯ ಡ್ರಾಯರಿನಲ್ಲಿವೆ. ಚಾಸಿ ಹೊಸದು. ಹೋದ ತಿಂಗಳು ಪಾರ್ಸೆಲ್ ತರಿಸುವಾಗ ಪಟ್ಟಿ ಬರೆದವನು ಹುಡುಗ. ಮುಂಭಾಗದ ಪ್ಲಾಸ್ಟಿಕ್ ಆರ್ಮು ನಾಲ್ಕು ಜೋಡಿ, 17 ಹಲ್ಲಿನ ಪಿನಿಯನ್ ಎರಡು, ಬೇರಿಂಗ್ ಒಂದು ಸೆಟ್. ಮೋಟರ್ ಇರಲಿಲ್ಲ ಪಟ್ಟಿಯಲ್ಲಿ. ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮೊನ್ನೆ ಭಾನುವಾರ ಅಪ್ಪನೂ ಬಂದಿದ್ದರು. ಮಿರ್ಚಿ, ಒಗ್ಗರಣೆ ಮಂಡಕ್ಕಿ ಕಟ್ಟಿಸಿಕೊಂಡು ಹೋಗಿ ಸೈಟಿನ ಕಲ್ಲೊಂದರ ಮೇಲೆ ಪೊಟ್ಟಣ ಬಿಚ್ಚಿದ್ದೆವು. ನಾಲ್ಕನೇ ಸುತ್ತಿನಲ್ಲಿ ಹುಡುಗ ಒಳಗಿನ ತಿರುವು ತಪ್ಪಿ ಕಲ್ಲಿಗೆ ಹೊಡೆದ. ಟಕ್ ಎಂದಿತು, ಬಗ್ಗಿ ಮೂರು ಪಲ್ಟಿ ಹೊಡೆದು ನಿಂತಿತು. ಓಡಿ ಹೋಗಿ ಎತ್ತಿಕೊಂಡು ಬಂದು ತಾತನ ಮುಂದೆ ಮಗುಚಿದ. ಎಡಗಡೆ ಆರ್ಮು ಪಿನ್ನಿನ ಹತ್ತಿರ ಮುರಿದು ಚಕ್ರ ಜೋತಾಡುತ್ತಿತ್ತು. ಚಾಸಿಯ ಮೇಲೆ ಉಗುರು ಎಳೆದು ನೋಡಿದ, ಎಲ್ಲೂ ತಡೆಯಲಿಲ್ಲ.

“ಫ್ಯೂಸ್ ಹೋಯ್ತು ತಾತ” ಎಂದ.

“ಕಟ್ಟು ಮತ್ತೆ, ಇನ್ನೂ ಬೆಳಕೈತೆ” ಎಂದರು ಅಪ್ಪ, ಮಂಡಕ್ಕಿ ಮೆಲ್ಲುತ್ತಾ.

ಅವನು ಡಬ್ಬಿ ತೆಗೆದ. ಎರಡು ಸ್ಕ್ರೂ, ಒಂದು ಪಿನ್ನು, ಶಾಕಿನ ಕೆಳಗಿನ ಕೊಂಡಿ. ನಾನು ಅಷ್ಟರಲ್ಲಿ ಮೋಟರಿಗೆ ಗನ್ ಹಿಡಿದೆ, 61 ತೋರಿಸಿತು.